ಗಟ್ಟಿ ಚರ್ಮ

ಪಟ್ಟಿ ಬಿಚ್ಚಿದಾಗ ತನುಜಾಳ ತೋಳಿನ ಒಳಮೈಯ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯ ಹಾಗೆ ಎದ್ದು ಬಂತು. ಅಡಿಯಲ್ಲಿ ಕೆಂಪು. ಕೆಂಪಿನ ಸುತ್ತ ನೀರುಗುಳ್ಳೆ. ಸ್ಪಂದನಾ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡಳು. ಆಮೇಲೆ ಹತ್ತಿಯಿಂದ ಮೆಲ್ಲಗೆ ಒತ್ತಿ, ಉರಿ ಇದೆಯಾ ಎಂದು ಕೇಳಿದಳು. ಕಣ್ಣಿಗೆ ಕಾಣುವುದನ್ನು ಬಾಯಿಬಿಟ್ಟು ಕೇಳುವುದಕ್ಕೂ ಎಮ್ಮೆಸ್ಸಿ ಓದಬೇಕಾಗುತ್ತದೆ.

ಇದೆ ಎಂದಳು ತನುಜಾ.

ಹಾಗಾದರೆ ಈ ಮಿಶ್ರಣವೂ ಆಗುವುದಿಲ್ಲ ಎಂದು ಸ್ಪಂದನಾ ನಿಟ್ಟುಸಿರು ಬಿಟ್ಟಳು. ಔಷಧ ಸ್ವಲ್ಪ ಕಡಿಮೆ ಮಾಡಿ ಮತ್ತೆ ನೋಡೋಣ, ಇನ್ನೊಂದು ತೋಳು ಕೊಡಿ ಎಂದಳು. ತನುಜಾ ಇನ್ನೊಂದು ತೋಳು ಚಾಚಿದಳು. ಒದ್ದೆ ಟಿಶ್ಯೂವಿನ ಸಣ್ಣ ಚೌಕ ಬಂತು. ಅದರ ಮೇಲೆ ಪ್ಲಾಸ್ಟರ್ ಬಂತು. ನಾಳೆ ಸಂಜೆಯವರೆಗೆ ನೀರು ತಾಗಿಸಬೇಡಿ ಎಂಬ ಮಾತು ಬಂತು. ಒಲೆ ಹಚ್ಚುವವಳಿಗೆ, ಪಾತ್ರೆ ತಿಕ್ಕುವವಳಿಗೆ, ಬಟ್ಟೆ ಒಗೆಯುವವಳಿಗೆ ನೀರು ತಾಗಿಸಬೇಡ ಅಂದರೆ ಏನು ಮಾಡಬೇಕು? ತನುಜಾ ಬಚ್ಚಲಿನಲ್ಲಿ ತೋಳು ಮೇಲಕ್ಕೆತ್ತಿ ಕೂರುತ್ತಿದ್ದಳು. ತಾಯಿ ಕನ್ನಮ್ಮ ಎಳೆ ಮಗುವಿಗೆ ಹಾಕುವಂತೆ ಅವಳಿಗೆ ನೀರು ಹಾಕುತ್ತಿದ್ದಳು, ಬೈಯುತ್ತಲೇ ಹಾಕುತ್ತಿದ್ದಳು.

ರಿಪ್ಪನ್‌ಪೇಟೆಯಿಂದ ಹೊಸನಗರಕ್ಕೆ ಹೋಗುವ ರಸ್ತೆಯಲ್ಲಿ, ಹಿಂದೆ ಅಕ್ಕಿ ಗಿರಣಿಯಾಗಿದ್ದ ಶೆಡ್ಡಿನಲ್ಲಿ ಕಿರಣನ ಫ್ಯಾಕ್ಟರಿ ಇದೆ. ಊಟವಾದ ಮೇಲೆ ಹೋಟೆಲಿನವರು ಕೈ ಒರೆಸಿಕೊಳ್ಳಲು ಕೊಡುತ್ತಾರಲ್ಲ, ನಿಂಬೆ ವಾಸನೆಯ ಒದ್ದೆ ಟಿಶ್ಯೂವಿನ ಪೊಟ್ಟಣ, ಅದನ್ನು ಅಲ್ಲಿ ಮಾಡುತ್ತಾರೆ. ಬಟ್ಟೆಯಂಥ ಕಾಗದದ ದೊಡ್ಡ ದೊಡ್ಡ ರೋಲು ಲಾರಿಯಲ್ಲಿ ಬರುತ್ತದೆ. ಅದನ್ನು ಕತ್ತರಿಸಬೇಕು, ಮಡಚಬೇಕು, ಡ್ರಮ್ಮಿನ ನೀರಿನಲ್ಲಿ ನೆನೆಸಬೇಕು, ಪೊಟ್ಟಣಕ್ಕೆ ತುಂಬಿ ಬಾಯಿ ಬೆಸೆಯಬೇಕು. ಕೆಲಸವೆಲ್ಲ ಹೆಂಗಸರದು. ಸಾಗರದ, ತೀರ್ಥಹಳ್ಳಿಯ ಹೋಟೆಲುಗಳಿಗೂ ಕೋಣಂದೂರಿನ ಕಲ್ಯಾಣ ಮಂಟಪಕ್ಕೂ ಇಲ್ಲಿಂದಲೇ ಮಾಲು ಹೋಗುತ್ತಿತ್ತು.

ಕಿರಣನ ತಂದೆ ರಾಮಚಂದ್ರಪ್ಪನವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಅವನಿಗೊಂದು ಯೋಚನೆ ಬಂತು. ಹಾಸಿಗೆ ಹಿಡಿದವರ ಮೈ ಒರೆಸುವುದಕ್ಕೆ ದಪ್ಪ ಒದ್ದೆ ಟಿಶ್ಯೂ ಮಾಡಬೇಕು. ಪೇಟೆಯಲ್ಲಿ ಸಿಗುವುದೆಲ್ಲ ಮುದುಕರ ತೆಳು ಚರ್ಮಕ್ಕೆ ಉರಿಯುತ್ತದೆ. ಉರಿಯದೆ ಇರಬೇಕು, ಕೊಳೆ ತೆಗೆಯಬೇಕು, ಚರ್ಮ ಒಣಗಬಾರದು, ಪೊಟ್ಟಣದೊಳಗೆ ವರ್ಷವಿಟ್ಟರೂ ಬೂಸು ಹಿಡಿಯಬಾರದು. ಅಂಥದ್ದೊಂದು ನೀರು ಕೂಡಿಸುವುದಕ್ಕೆಂದು ಸಾಗರದ ಸ್ಪಂದನಾಳನ್ನು ಕೆಲಸಕ್ಕಿಟ್ಟ. ಅವಳು ಲೋಳೆಸರ ಹಾಕಿದಳು, ಗ್ಲಿಸರಿನ್ ಹಾಕಿದಳು. ಬೂಸು ಹಿಡಿಯದಿರಲಿ ಎಂದು ಒಂದು ಔಷಧ ಹಾಕಿದಳು. ಸುಡುತ್ತಿದ್ದದ್ದು ಆ ಔಷಧವೇ. ಎಷ್ಟು ಹಾಕಿದರೆ ಬೂಸು ಬರುವುದಿಲ್ಲ, ಎಷ್ಟು ಹಾಕಿದರೆ ಚರ್ಮ ಸುಡುವುದಿಲ್ಲ? ಅದನ್ನು ಚರ್ಮದ ಮೇಲೆ ಇಟ್ಟೇ ನೋಡಬೇಕು.

ಯಾರ ಚರ್ಮ?

ಫ್ಯಾಕ್ಟರಿಯಲ್ಲಿ ಹೆಂಗಸರು ಬೇಕಾದಷ್ಟಿದ್ದರು. ಎಸ್ಸಿ ಕಾಲೊನಿಯಿಂದ ಬರುತ್ತಿದ್ದವರು ಇಬ್ಬರೇ, ತನುಜಾ ಮತ್ತು ಅವಳ ಚಿಕ್ಕಮ್ಮ ಬೆಳ್ಳಮ್ಮ. ಪಟ್ಟಿ ಕಟ್ಟಿದ್ದು ಇವರಿಬ್ಬರ ತೋಳಿಗೇ. ಎಳೆ ಚರ್ಮದವರ ಮೇಲೂ ನೋಡಬೇಕಾಗುತ್ತದೆ ಎಂದು ಸ್ಪಂದನಾ ಒಮ್ಮೆ ಸಣ್ಣ ದನಿಯಲ್ಲಿ ಹೇಳಿದ್ದಳು. ಕಿರಣ ಅವಳ ಮುಖ ನೋಡಿದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಮಡಚುವ ಮೇಜಿನಲ್ಲಿದ್ದ ಸುಚಿತ್ರಾ, ಅಯ್ಯೋ ನನಗೆ ಮುಂದಿನ ವಾರ ಮದುವೆಗೆ ಹೋಗಲಿಕ್ಕಿದೆ ಎಂದು ತೋಳು ಮುಚ್ಚಿಕೊಂಡು ನಕ್ಕಳು. ಎಲ್ಲರೂ ನಕ್ಕರು. ಕಾಲೊನಿಯವರು ಮದುವೆಗೆ ಹೋಗುವುದಿಲ್ಲವೇನೋ.

"ನಿಮ್ದು ಗದ್ದೆ ಕೆಸರು, ಅಡಿಕೆ ಚೊಗರು ಎಲ್ಲ ಕಂಡ ಚರ್ಮ," ಎಂದಿದ್ದ ಕಿರಣ. "ಗಟ್ಟಿ ಚರ್ಮ. ಎಂತಾ ಆಗಲ್ಲ."

ಗಟ್ಟಿ ಚರ್ಮಕ್ಕೂ ನೀರುಗುಳ್ಳೆ ಏಳುತ್ತದೆ. ಬೆಳ್ಳಮ್ಮನ ತೋಳಿನಲ್ಲಿ ಕೀವೂ ಆಯಿತು. ಅವಳು ಅರಿಶಿನ ಹಚ್ಚಿಕೊಂಡು ಕೆಲಸಕ್ಕೆ ಬಂದರೆ, ಟಿಶ್ಯೂವಿಗೆ ಹಳದಿ ಹತ್ತುತ್ತದೆ ಎಂದು ಅವತ್ತು ಮನೆಗೆ ಕಳಿಸಿದರು. ಕೂಲಿಯನ್ನೂ ಹಿಡಿದರು.

ಇಷ್ಟಾದರೂ ತನುಜಾ ತೋಳು ಚಾಚುತ್ತಲೇ ಇದ್ದಳು. ಅವಳಿಗೆ ತಲೆ ಕೆಟ್ಟಿರಲಿಲ್ಲ. ಕಿರಣ ಒಂದು ಮಾತು ಕೊಟ್ಟಿದ್ದ. ಈ ನೀರು ಗೆಲ್ಲಲಿ, ಪ್ಯಾಕಿಂಗ್ ರೂಮು ನಿನ್ನ ಕೈಗೆ ಕೊಡುತ್ತೇನೆ, ಕಾಯಂ ಮಾಡುತ್ತೇನೆ ಎಂದಿದ್ದ. ಪ್ಯಾಕಿಂಗ್ ರೂಮಿಗೆ ಬಿಳಿ ಟೈಲ್ಸ್ ಹಾಕಿತ್ತು. ಫ್ಯಾನಿತ್ತು. ಮೇಲ್ವಿಚಾರಣೆ ಮಾಡುವವರಿಗೆ ಒಂದು ಕುರ್ಚಿಯಿತ್ತು. ತನುಜಾ ರಿಪ್ಪನ್‌ಪೇಟೆ ಕಾಲೇಜಿನಲ್ಲಿ ಪಿಯುಸಿ ಮುಗಿಸಿದವಳು. ಅವಳ ಅಜ್ಜಿ ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಟ್ಟಿ ಮಾಡಿದವಳು. ತಾಯಿ ಕುಕ್ಕರಗಾಲಿನಲ್ಲಿ ಕೂತು ಕಂಡವರ ಅಂಗಳದಲ್ಲಿ ಅಡಿಕೆ ಸುಲಿದು ಬೆರಳು ಕಪ್ಪು ಮಾಡಿಕೊಂಡವಳು. ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದ ಹೆಂಗಸು ಆ ಮನೆಯಲ್ಲಿ ಹುಟ್ಟಿರಲಿಲ್ಲ. ತನುಜಾಳಿಗೆ ಆ ಕುರ್ಚಿ ಬೇಕಾಗಿತ್ತು. ಬೇಕೇ ಬೇಕಾಗಿತ್ತು. ಅದಕ್ಕೆ ಎರಡು ತೋಳಿನ ಚರ್ಮ ಹೆಚ್ಚಲ್ಲ ಎಂದು ಅವಳು ಲೆಕ್ಕ ಹಾಕಿದ್ದಳು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ದಿನ ಪಟ್ಟಿ ಬಿಚ್ಚಿದಾಗ ತೋಳು ಹೇಗಿತ್ತೋ ಹಾಗೇ ಇತ್ತು. ಕೆಂಪಿಲ್ಲ, ತುರಿಕೆಯಿಲ್ಲ. ಸ್ಪಂದನಾ ಕುಣಿಯುವುದೊಂದು ಬಾಕಿ. ಕಿರಣ ಪೇಟೆಯಿಂದ ಜಿಲೇಬಿ ತರಿಸಿ ಎಲ್ಲರಿಗೂ ಹಂಚಿದ. ತನುಜಾಳಿಗೆ ಎರಡು ಕೊಟ್ಟ. ರೂಮಿನ ಮಾತು ನೆನಪಿದೆಯಲ್ಲ ಅಣ್ಣ ಎಂದು ಅವಳು ಕೇಳಿದಳು. ನೆನಪಿಲ್ಲದೆ ಏನು, ಒಂದು ಸಣ್ಣ ಕೆಲಸ ಉಳಿದಿದೆ, ಅದೊಂದು ಮುಗಿಯಲಿ ಎಂದ.

ಆ ಸಣ್ಣ ಕೆಲಸ ಅವನಪ್ಪ.

ತೋಳಿನ ಮೇಲೆ ಗೆದ್ದ ಟಿಶ್ಯೂ ಹಾಸಿಗೆ ಹಿಡಿದವರ ಮೈಮೇಲೆ ಗೆಲ್ಲಬೇಕಿತ್ತು. ದಿನಕ್ಕೆರಡು ಸಲ ಅಪ್ಪಯ್ಯನ ಮೈ ಒರೆಸಿ ಚರ್ಮ ಹೇಗಿದೆ ಎಂದು ಹೇಳಬೇಕು ಎಂದು ಕಿರಣ ಅವಳನ್ನು ಮನೆಗೆ ಕಳಿಸಿದ. ಅವನ ಮನೆ ಫ್ಯಾಕ್ಟರಿಯ ಹಿಂದೆಯೇ ಇತ್ತು. ಎರಡಂತಸ್ತಿನ ತಾರಸಿ ಮನೆ. ಮುಂದೆ ಗ್ರಾನೈಟಿನ ಮೆಟ್ಟಿಲು. ತನುಜಾ ಬಂದಾಗ ಕಿರಣನ ಹೆಂಡತಿ ಪ್ರತಿಮಾ ಹಿತ್ತಲ ಕಡೆ ಕೈ ತೋರಿಸಿದಳು. ಹಿತ್ತಲಿಂದ ಬಚ್ಚಲಿಗೆ, ಬಚ್ಚಲಿಂದ ಮುದುಕರ ಕೋಣೆಗೆ ಒಂದು ಬಾಗಿಲಿತ್ತು. ಅಡಿಗೆ ಮನೆ ತುಳಿಯಬೇಕಾಗಿರಲಿಲ್ಲ, ದೇವರ ಕೋಣೆ ಕಾಣುತ್ತಿರಲಿಲ್ಲ. ಹೀಗೆ ಬಂದರೆ ಹತ್ತಿರವಾಗ್ತದೆ ಎಂದು ಪ್ರತಿಮಾ ನಯವಾಗಿಯೇ ಹೇಳಿದಳು. ಈಗಿನವರು ಎಲ್ಲವನ್ನೂ ನಯವಾಗಿ ಹೇಳುತ್ತಾರೆ.

ರಾಮಚಂದ್ರಪ್ಪನವರು ಎತ್ತರದ ಆಳು. ಬಲಮಗ್ಗುಲು ಸತ್ತು ಹೋಗಿತ್ತು. ತನುಜಾ ಒಂದು ಕೈ ಸೊಂಟದ ಅಡಿಗೆ, ಒಂದು ಕೈ ಹೆಗಲಿನ ಅಡಿಗೆ ಕೊಟ್ಟು ಅವರನ್ನು ಹೊರಳಿಸುತ್ತಿದ್ದಳು. ಅವಳ ನಡು ಕಿತ್ತು ಬರುತ್ತಿತ್ತು. ಕತ್ತಿನ ಮಡಿಕೆ ಒರೆಸಬೇಕು, ಕಂಕುಳು ಒರೆಸಬೇಕು. ತೊಡೆಸಂದು ಒರೆಸಬೇಕು. ಹೇಲು ಉಚ್ಚೆ ಬಳಿಯಬೇಕು, ಬಳಿದ ಮೇಲೆ ಹೊಸ ಟಿಶ್ಯೂ ತೆಗೆದು ಅಲ್ಲಿಯೇ ಮತ್ತೊಮ್ಮೆ ಒತ್ತಿ ಒರೆಸಬೇಕು, ತಿಕ್ಕುವ ಹಾಗಿಲ್ಲ. ಬೆನ್ನಿನ ಕೆಳಗೆ ಮೊದಲೇ ಹುಣ್ಣಾಗುವ ಸೂಚನೆಯಿತ್ತು. ದೀಪಾವಳಿಯ ಹೊತ್ತಿಗೆ ಅದು ಆರಿತು. ಪ್ರತಿಮಾ ದೂರದಿಂದ ನೋಡಿ ಮೂಗಿಗೆ ಸೆರಗು ಹಿಡಿದುಕೊಂಡೇ ಖುಷಿಪಟ್ಟಳು. ತನುಜಾಳಿಗೆ ಕಾಫಿ ಕೊಡುತ್ತಿದ್ದರು. ಕಾಗದದ ಲೋಟದಲ್ಲಿ, ಬಚ್ಚಲ ಕಟ್ಟೆಯ ಮೇಲೆ. ಮನೆಯವರೆಲ್ಲ ಸ್ಟೀಲಿನ ಲೋಟದಲ್ಲಿ ಕುಡಿಯುತ್ತಿದ್ದರು.

ಮುದುಕರಿಗೆ ಬಾಯಿ ಸ್ವಲ್ಪ ತೊದಲುತ್ತಿತ್ತು, ಆದರೆ ಮಾತಿನ ಚಟ ಹೋಗಿರಲಿಲ್ಲ. ಅವರದು ಒಂದೇ ಕಥೆ. ಅವರಪ್ಪ ಸಾಗರದ ಕಡೆ ಗೇಣಿ ಮಾಡಿಕೊಂಡಿದ್ದವನು. ಮೊಣಕಾಲಿನಿಂದ ಕೆಳಗೆ ಪಂಚೆ ಬಿಡುವಂತಿರಲಿಲ್ಲ. ಒಡೆಯರ ಮನೆಯ ಜಗುಲಿ ಹತ್ತುವಂತಿರಲಿಲ್ಲ, ಅಂಗಳದಲ್ಲೇ ನಿಲ್ಲಬೇಕು. ಕೊಡುವಾಗ ಒಂದು ಕೊಳಗ, ತಗೊಳ್ಳುವಾಗ ಇನ್ನೊಂದು ದೊಡ್ಡ ಕೊಳಗ. ಕೊನೆಗೆ ಕಾಗೋಡಿನಲ್ಲಿ ಜನ ಎದ್ದರು. ಆಗ ಇವರು ಇನ್ನೂ ಹುಡುಗ.

"ನಮ್ಮಪ್ಪಯ್ಯ ಯಾರ ಅಪ್ಪಣೇನೂ ಕೇಳ್ಲಿಲ್ಲ," ಎನ್ನುವಾಗ ಮುದುಕರ ಕಣ್ಣು ತುಂಬುತ್ತಿತ್ತು. "ನೇಗಿಲು ಹೊತ್ತು ಸೀದಾ ಗದ್ದೆಗಿಳಿದ. ಪೊಲೀಸ್ರು ಹೊಡೆದ್ರು. ಆದ್ರೂ ಇಳಿದ."

ತನುಜಾಳಿಗೂ ಅದು ಇಷ್ಟದ ಕಥೆ. ಕೇಳುತ್ತ ಕೇಳುತ್ತ ಅವರ ಕುಂಡೆ ಒರೆಸುವಾಗ ಅವಳಿಗೆ ಅಸಹ್ಯವಾಗುತ್ತಿರಲಿಲ್ಲ. ಇವರಿಗೆ ಗೊತ್ತು ಎಂದುಕೊಳ್ಳುತ್ತಿದ್ದಳು. ಅಂಗಳದಲ್ಲಿ ನಿಂತವರ ಮಗನಿಗೆ ನಿಲ್ಲುವುದು ಏನೆಂದು ಗೊತ್ತಿರುತ್ತದೆ ಎಂದುಕೊಳ್ಳುತ್ತಿದ್ದಳು. ಅಜ್ಜಯ್ಯ ಎಂದು ಬಾಯಿ ತುಂಬ ಕರೆಯುತ್ತಿದ್ದಳು. ಅವರೂ ಬೇರೆ ಯಾರಾದರೂ ಮುಟ್ಟಿದರೆ ಕಿರುಚುತ್ತಿದ್ದರು, ತನುಜಾಳೇ ಬರಲಿ ಎನ್ನುತ್ತಿದ್ದರು.

ಹಾಗಿರುವಾಗ ತೀರ್ಥಹಳ್ಳಿ ಕಡೆಯ ಒಂದು ದೊಡ್ಡ ದೇವಸ್ಥಾನದವರು ಕಿರಣನಿಗೆ ಫೋನು ಮಾಡಿದರು. ದರ್ಶನದ ಸಾಲಿನಲ್ಲಿ ನಿಂತ ಭಕ್ತರು ಪ್ರಸಾದಕ್ಕೆ ಮೊದಲು ಕೈ ಒರೆಸಿಕೊಳ್ಳಲು ಟಿಶ್ಯೂ ಬೇಕಂತೆ. ಗಂಧದ ವಾಸನೆಯಿರಬೇಕು, ಪೊಟ್ಟಣದ ಮೇಲೆ ಗೋಪುರದ ಚಿತ್ರವಿರಬೇಕು. ವರ್ಷವಿಡೀ ಬೇಕು. ಕಿರಣ ಕೂತಲ್ಲಿ ಕೂರಲಿಲ್ಲ. ತನುಜಾಳ ತೋಳಿನ ಮೇಲೆ ಗೆದ್ದ ನೀರಿಗೇ ಸ್ಪಂದನಾ ಗಂಧದೆಣ್ಣೆ ಹನಿಸಿದಳು. ಹೊಸ ವಾಸನೆ ಬಂತಲ್ಲ ಎಂದು ಮತ್ತೊಮ್ಮೆ ಪಟ್ಟಿ ಕಟ್ಟಿ ನೋಡಿದರು. ಯಾರ ತೋಳಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ದೇವಸ್ಥಾನ ಸಮಿತಿಯ ಅಧ್ಯಕ್ಷರು ಉಮಾಮಹೇಶ್ವರ ಎನ್ನುವವರು. ಅವರು ಫೋನಿನಲ್ಲಿ ಒಂದು ಮಾತು ಕೇಳಿದರಂತೆ. ಪ್ಯಾಕಿಂಗ್ ಎಲ್ಲ ಶುದ್ಧವಾಗಿ ಆಗ್ತದಲ್ಲವಾ? ಅಷ್ಟೇ. ಜಾತಿ ಎನ್ನುವ ಶಬ್ದ ಅವರ ಬಾಯಿಂದ ಬರಲಿಲ್ಲ. ಕಿರಣನ ಬಾಯಿಂದಲೂ ಬರಲಿಲ್ಲ. ಅದು ಬಾಯಿಗೆ ಬರಬೇಕಾಗಿಯೇ ಇಲ್ಲ. ಕೇಳಿದವರಿಗೂ ಹೇಳಿದವರಿಗೂ ಗೊತ್ತು.

ಮರುದಿನ ತನುಜಾ ಬಂದಾಗ ಪ್ಯಾಕಿಂಗ್ ರೂಮಿನ ಕುರ್ಚಿಯ ಮೇಲೆ ಸುಚಿತ್ರಾ ಕೂತಿದ್ದಳು. ಬಾಗಿಲಿಗೆ ಮಾವಿನ ತೋರಣ. ಒಳಗಿದ್ದ ಹೆಂಗಸರೆಲ್ಲ ತಲೆಗೆ ಸ್ನಾನ ಮಾಡಿ ಬಂದಿದ್ದರು. ತನುಜಾ ಹೊಸ್ತಿಲಿಗೆ ಕಾಲಿಡುವಾಗ ಸುಚಿತ್ರಾ ಎದ್ದು ನಿಂತು, ನೀನು ಹೊರಗಿನ ಕೆಲಸಕ್ಕಂತೆ ಕಣೆ, ಅಣ್ಣ ಹೇಳಿದಾರೆ ಎಂದಳು. ಮುಖ ನೋಡದೆ ಹೇಳಿದಳು. ಬೆಳ್ಳಮ್ಮ ಆಗಲೇ ಹೊರಗೆ ಡ್ರಮ್ಮು ತೊಳೆಯುತ್ತಿದ್ದಳು.

ತನುಜಾ ಕಿರಣನ ಮುಂದೆ ಹೋಗಿ ನಿಂತಳು. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ.

"ನನಗೆ ಅಂಥದ್ದೆಲ್ಲ ಏನೂ ಇಲ್ಲ ತನುಜಾ, ನಿನಗೇ ಗೊತ್ತು," ಎಂದ. "ದೇವಸ್ಥಾನದ ವಿಷಯ. ನಾಳೆ ಯಾರಾದ್ರೂ ಕೇಳಿದ್ರೆ ನಾನೆಂತ ಹೇಳ್ಲಿ?"

"ನನ್ನ ಕೈ ಆಗಲ್ಲ ಅಂತೀರಾ ಅಣ್ಣ?"

"ಕೈ ವಿಷಯ ಯಾಕೆ ತೆಗೀತೀಯ. ಅಪ್ಪಯ್ಯನ್ನ ನೋಡ್ಕೋತಿದೀಯಲ್ಲ, ಅದೇನು ಸಣ್ಣ ಕೆಲ್ಸವಾ?"

ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ. ತನುಜಾ ಹೊರಗೆ ಬಂದು ಲಾರಿಯಿಂದ ರೋಲು ಇಳಿಸಿದಳು. ಒಂದೊಂದು ರೋಲೂ ಒಂದು ಆಳಿನ ಭಾರ. ಮಡಿಲಿಗೆ ಅಪ್ಪಿಕೊಂಡು, ಎದೆಗೊತ್ತಿಕೊಂಡು ಬಾಗಿಲವರೆಗೆ ಉರುಳಿಸಬೇಕು. ಬಾಗಿಲಿನಿಂದ ಒಳಗೆ ಬೇರೆಯವರು ಎಳೆದುಕೊಳ್ಳುತ್ತಾರೆ. ಅವಳ ಬೆವರು ಹತ್ತಿದ ಹೊರಸುತ್ತನ್ನು ಕತ್ತರಿಸಿ ಎಸೆದರು. ಅವಳ ಕಣ್ಣೆದುರಿಗೇ ಎಸೆದರು.

ಮನೆಯಲ್ಲಿ ಕನ್ನಮ್ಮ ಮಗಳ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. ಒಡೇರ ಸಂಗಡ ಜಗಳ ಬೇಡ, ಬಡವನ ಕೋಪ ದವಡೆಗೆ ಮೂಲ ಎಂದಳು. ಅವರು ಒಡೇರಲ್ಲ ಅವ್ವ, ಅವರೂ ಗೇಣಿ ಮಾಡಿಕೊಂಡಿದ್ದವರು ಎಂದು ತನುಜಾ ರೇಗಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ಅವರ ಕಾಲ ಎಂದು ಕನ್ನಮ್ಮ ಸೊಪ್ಪು ಸೋಸುತ್ತ ಕೂತಳು. ಈ ತಾಳ್ಮೆ ಕಂಡರೆ ತನುಜಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾವ ಕಾಲ ನಮ್ಮದು? ಅದು ಯಾವಾಗ ಬರುತ್ತದೆ? ಯಾರನ್ನು ಕೇಳಬೇಕು? ತೋಳಿನ ಕಲೆಗಳ ಮೇಲೆ ಅವಳ ಕೈ ತಾನಾಗಿ ಹೋಯಿತು. ನನ್ನ ಚರ್ಮ ಬೇಕು, ಕೈ ಬೇಡ. ಕೈ ಅಂದರೂ ಚರ್ಮವೇ ಅಲ್ಲವಾ? ಅವಳು ಆ ದಿನ ಉಣ್ಣಲಿಲ್ಲ. ಹಾಗಂತ ಮರುದಿನ ಕೆಲಸಕ್ಕೆ ಹೋಗದೆಯೂ ಇರಲಿಲ್ಲ. ಹೋಗದಿದ್ದರೆ ಬೆಳ್ಳಮ್ಮನನ್ನೂ ತೆಗೆಯುತ್ತಾರೆ.

ಮೊದಲ ಮಾಲು ಹೊರಡುವ ಮುಂಚೆ ಉಮಾಮಹೇಶ್ವರರು ಇನ್ನಿಬ್ಬರ ಜೊತೆ ಫ್ಯಾಕ್ಟರಿ ನೋಡಲು ಬಂದರು. ಊಟ ಕಿರಣನ ಮನೆಯಲ್ಲಿ. ಮುಂದಿನ ಹಾಲ್‌ನ ನಡುವೆ ಟೀಪಾಯಿಯ ಮೇಲೆ ಹಿತ್ತಾಳೆ ಹರಿವಾಣವಿಟ್ಟು, ಅದರಲ್ಲಿ ಗಂಧದ ಪೊಟ್ಟಣ ರಾಶಿ ಮಾಡಿ, ಮೇಲೊಂದು ಸೇವಂತಿಗೆ ಹಾಕಿದ್ದರು. ದೇವರ ಮುಂದಿಡಲು ಅವರು ಅದನ್ನು ತೆಗೆದುಕೊಂಡು ಹೋಗುವವರಿದ್ದರು. ತನುಜಾಳಿಗೆ ಹಿತ್ತಲಲ್ಲೇ ಇರು, ಅವರು ಹೋಗುವ ತನಕ ಒಳಗೆ ಬರಬೇಡ ಎಂದು ಪ್ರತಿಮಾ ಹೇಳಿದ್ದಳು. ಅವಳು ಮುದುಕರ ಕೋಣೆಯ ಕಿಟಕಿಯ ಹೊರಗೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು.

ಊಟವಾದ ಮೇಲೆ ಕಿರಣ ಅವರನ್ನು ಕೋಣೆಗೆ ಕರೆತಂದ. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು. ಅಪ್ಪಯ್ಯ ಮಲಗಿ ವರ್ಷದ ಮೇಲಾಯ್ತು, ಬೆನ್ನಿಗೆ ಒಂದು ಹುಣ್ಣಿಲ್ಲ ನೋಡಿ, ಎಲ್ಲ ಈ ಟಿಶ್ಯೂವಿನ ಮಹಿಮೆ ಎಂದ. ಪುಣ್ಯವಂತರು ಎಂದರು ಉಮಾಮಹೇಶ್ವರರು. ಇಷ್ಟು ಚೊಕ್ಕವಾಗಿ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು.

"ನಾವೇ. ಮನೆಯವ್ರೇ ಮಾಡ್ತೀವಿ," ಎಂದ ಕಿರಣ.

ತನುಜಾ ಅಜ್ಜಯ್ಯನ ದನಿಗಾಗಿ ಕಾದಳು. ಬೇರೆ ಯಾರು ಮುಟ್ಟಿದರೂ ಕಿರುಚುವ ಮುದುಕರು. ಕಾಗೋಡಿನ ಮುದುಕರು. ತನುಜಾ ಅನ್ನುವ ಹುಡುಗಿ ಮಾಡ್ತಾಳೆ ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ಅವರು ಏನೂ ಹೇಳಲಿಲ್ಲ.

ಬಂದವರು ಹಾಲಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ವಾಸನೆ ಬಂತು. ಮುದುಕರು ಹಾಸಿಗೆಯಲ್ಲಿ ಮಾಡಿಕೊಂಡಿದ್ದರು. ಪ್ರತಿಮಾ ಹಿತ್ತಲಿಗೆ ಓಡಿ ಬಂದು, ಸದ್ದಿಲ್ಲದೆ ಬಚ್ಚಲ ಕಡೆಯಿಂದ ಬಂದು ಬೇಗ ತೆಗೆದುಬಿಡು, ಅವರಿಗೆ ಕಾಫಿ ಕೊಡುತ್ತಿದ್ದೇನೆ ಎಂದಳು. ಕೋಣೆಯಲ್ಲಿ ಟಿಶ್ಯೂ ಮುಗಿದಿದೆ ಎಂದಳು ತನುಜಾ. ಮೊದಲೆಲ್ಲ ಬರುವಾಗ ಪ್ಯಾಕಿಂಗ್ ರೂಮಿನಿಂದ ಅವಳೇ ಒಂದು ಕಟ್ಟು ತರುತ್ತಿದ್ದಳು. ಈಗ ಆ ರೂಮಿಗೆ ಅವಳು ಹೋಗುವ ಹಾಗಿಲ್ಲ. ಸುಚಿತ್ರಾ ಕೊಟ್ಟು ಕಳಿಸಬೇಕು. ದೇವಸ್ಥಾನದ ಮಾಲಿನ ಗಡಿಬಿಡಿಯಲ್ಲಿ ಸುಚಿತ್ರಾ ಮರೆತಿದ್ದಳು.

ಹಾಗಾದರೆ ಹಳೇ ಬಟ್ಟೆ ಹಾಕಿ ತಿಕ್ಕಿಬಿಡು, ಇವತ್ತೊಂದು ದಿನ ಎಂದಳು ಪ್ರತಿಮಾ.

ತಿಕ್ಕಿದರೆ ಚರ್ಮ ಕಿತ್ತು ಬರುತ್ತದೆ. ಇಷ್ಟು ತಿಂಗಳು ಜೋಪಾನ ಮಾಡಿದ ಬೆನ್ನು ಅದು. ಆ ಬೆನ್ನಿಗಾಗಿ ತನ್ನ ಎರಡೂ ತೋಳು ಸುಟ್ಟುಕೊಂಡವಳು ತಾನು. ಹಿತ್ತಲಲ್ಲಿ ನಿಂತ ತನುಜಾಳಿಗೆ ಆಗ ಏನೋ ಆಯಿತು. ಅದು ಧೈರ್ಯವೇನಲ್ಲ. ಸಾಕಾಗಿತ್ತು. ಅಷ್ಟೇ.

ಅವಳು ಬಚ್ಚಲಿಗೆ ಹೋಗಲಿಲ್ಲ. ಮನೆಯ ಮಗ್ಗುಲಿನಿಂದ ಸುತ್ತಿ ಬಂದಳು. ಗ್ರಾನೈಟಿನ ಮೆಟ್ಟಿಲು ಹತ್ತಿದಳು. ಹಾಲಿಗೆ ಬಂದಳು. ಕಾಫಿ ಕುಡಿಯುತ್ತಿದ್ದವರು ತಲೆ ಎತ್ತಿದರು. ಕಿರಣ ಅರ್ಧ ಎದ್ದ. ಅವಳು ಟೀಪಾಯಿಯ ಮೇಲಿದ್ದ ಹರಿವಾಣವನ್ನು ಸೇವಂತಿಗೆ ಸಮೇತ ಎತ್ತಿಕೊಂಡು ಮುದುಕರ ಕೋಣೆಗೆ ನಡೆದಳು. ಬಾಗಿಲು ಹಾಕಲಿಲ್ಲ.

ಪೊಟ್ಟಣ ಹರಿದಳು. ಗಂಧದ ವಾಸನೆ ಎದ್ದಿತು. ಒಂದು ಕೈ ಸೊಂಟದ ಅಡಿಗೆ ಕೊಟ್ಟು ಅಜ್ಜಯ್ಯನನ್ನು ಹೊರಳಿಸಿ, ಗೋಪುರದ ಚಿತ್ರದ ಪೊಟ್ಟಣದಿಂದ ಟಿಶ್ಯೂ ತೆಗೆದು ಬಳಿದಳು. ಮತ್ತೊಂದು ಹರಿದಳು, ಬಳಿದಳು. ಮತ್ತೊಂದು. ಗಂಧ ಮತ್ತು ಹೇಲು ಎರಡೂ ಒಂದೇ ವಾಸನೆಯಾಗಿ ಹಾಲಿನವರೆಗೆ ಹೋಯಿತು.

ಕಿರಣ ಬಾಗಿಲಿಗೆ ಬಂದು ನಿಂತ. ಅದು ದೇವರಿಗೆ ಇಡುವುದು ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. ಅವನ ಹಿಂದೆ ಉಮಾಮಹೇಶ್ವರರೂ ಬಂದರು. ತನುಜಾ ತಿರುಗಿದಳು. ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ಚೌಕ ಚೌಕವಾಗಿ ಕಲೆಗಳಿದ್ದವು, ಕೆಲವು ಕಪ್ಪು, ಕೆಲವು ಇನ್ನೂ ಕೆಂಪು.

"ನೋಡಿ ಸಾರ್. ಈ ನೀರು ಮೊದ್ಲು ಬಿದ್ದದ್ದು ಇಲ್ಲಿ," ಎಂದಳು. "ನಾನು ಕಾಲೊನಿಯವ್ಳು. ನನ್ನ ಚರ್ಮ ಸುಟ್ಟು ಸುಟ್ಟು ಇದು ಹದಕ್ಕೆ ಬಂದದ್ದು. ಈ ಅಜ್ಜಯ್ಯನ ಮೈ ಒರೆಸೋದೂ ನಾನೇ, ಮನೆಯವ್ರಲ್ಲ. ನಿಮ್ಮ ಪೊಟ್ಟಣ ಮಾತ್ರ ನಾನು ಮುಟ್ಟೋ ಹಾಗಿಲ್ಲ. ಈಗ ಮುಟ್ಟಿದೀನಿ. ಇದ್ರಲ್ಲಿ ಶುದ್ಧ ಎಲ್ಲಿಂದ ತರ್ತೀರಿ, ತನ್ನಿ."

ಉಮಾಮಹೇಶ್ವರರು ಬೈಯಲಿಲ್ಲ. ಅವರು ಯಾವುದನ್ನೂ ಬಾಯಿಬಿಟ್ಟು ಹೇಳುವವರಲ್ಲ. ಕರ್ಚೀಫಿನಿಂದ ಮೂಗು ಒರೆಸಿಕೊಂಡು, ಆಮೇಲೆ ಫೋನು ಮಾಡುತ್ತೇನೆ ಕಿರಣ್ ಎಂದು ಹೇಳಿ ಹೊರಟರು. ಕಿರಣ ಹಿಂದೆಯೇ ಓಡಿದ. ಅಂಗಳದಲ್ಲಿ ಕಾರು ಹೊರಟ ಸದ್ದಾಯಿತು. ನಾಳೆ ಫ್ಯಾಕ್ಟರಿಯಲ್ಲಿ ತನಗೆ ಕೆಲಸವಿಲ್ಲ ಎಂದು ತನುಜಾಳಿಗೆ ಗೊತ್ತಾಯಿತು. ಬೆಳ್ಳಮ್ಮನಿಗೂ ಇಲ್ಲ. ಕುರ್ಚಿಯಂತೂ ಯಾವತ್ತೋ ಹೋಗಿತ್ತು. ಹಾಗಿದ್ದರೂ ಅವಳ ಕೈ ನಿಲ್ಲಲಿಲ್ಲ. ಎಡಮಗ್ಗುಲು ಚೊಕ್ಕ ಮಾಡಿ ಮುಗಿಸಿದಳು.

ಆಗ ಅಜ್ಜಯ್ಯ ಮಾತಾಡಿದರು. ಅವಳು ಬಗ್ಗಿ ಕಿವಿ ಕೊಟ್ಟಳು. ಎಲ್ಲ ಹೋದ ಮೇಲೆ ಇದೊಂದು ಮಾತಾದರೂ ತನ್ನದಾಗಲಿ ಎಂದು ಅವಳ ಜೀವ ಕಿವಿಗೆ ಬಂದಿತ್ತು.

"ಯಾರ ಅಪ್ಪಣೆ ಕೇಳಿ ಮುಂದಿನ ಬಾಗ್ಲಿಂದ ಬಂದೆ?" ಎಂದರು ಅಜ್ಜಯ್ಯ.

ತೊದಲಲಿಲ್ಲ. ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ತನುಜಾ ಅವರ ಮುಖವನ್ನೇ ನೋಡಿದಳು. ಅದು ಮುದುಕರ ಮುಖವಾಗಿರಲಿಲ್ಲ, ಒಡೆಯರ ಮುಖವಾಗಿತ್ತು. ಅವಳಿಗೆ ಅಳು ಬಂತು. ದುಃಖದ ಅಳುವಲ್ಲ. ಇಷ್ಟು ದಿನ ಇವರನ್ನು ನಂಬಿದ್ದೆನಲ್ಲ ಎಂದು ತನ್ನ ಮೇಲೆಯೇ ಬಂದ ಸಿಟ್ಟು ಅದು.

"ನಿಮ್ಮಪ್ಪ ಗದ್ದೆಗೆ ಇಳಿಯೋವಾಗ ಯಾರ ಅಪ್ಪಣೆ ಕೇಳಿದ್ರು ಅಜ್ಜಯ್ಯ?"

ಮುದುಕರು ಮುಖ ಗೋಡೆಗೆ ತಿರುಗಿಸಿದರು.

ಅಂಗಳದಿಂದ ಕಿರಣ ಮರಳಿ ಬಂದ. ಅವನ ಮುಖ ಕೆಂಡವಾಗಿತ್ತು, ಬಾಯಿ ತೆರೆದಿತ್ತು. ಅವನು ಏನನ್ನಾದರೂ ಹೇಳುವ ಮೊದಲು ತನುಜಾ ಹರಿವಾಣವನ್ನು ಅವನ ಎರಡೂ ಕೈಗೆ ಕೊಟ್ಟಳು. ಅದರಲ್ಲಿ ಇನ್ನೂ ನಾಲ್ಕಾರು ಪೊಟ್ಟಣ ಉಳಿದಿದ್ದವು. ಅವಳ ಕೈಗೆ ಹತ್ತಿದ್ದು ಹರಿವಾಣದ ಅಂಚಿಗೂ ಹತ್ತಿತ್ತು. ಅವನು ಹಿಡಿದುಕೊಂಡ. ಬಿಟ್ಟರೆ ಬೀಳುತ್ತದಲ್ಲ, ಹಾಗಾಗಿ ಹಿಡಿದುಕೊಂಡ.

"ಬಲಮಗ್ಗುಲು ಉಳಿದಿದೆ," ಎಂದಳು. "ಮನೆಯವ್ರೇ ಮಾಡ್ತೀವಿ ಅಂದ್ರಲ್ಲ. ಮಾಡಿ. ತಿಕ್ಕಬೇಡಿ, ಒತ್ತಿ ಒರೆಸಿ."

ಅವಳು ಹಾಲ್ ದಾಟಿದಳು. ಹಿಂದೆ ಕಿರಣ ಪ್ರತಿಮಾಳನ್ನು ಕೂಗುತ್ತಿದ್ದ. ಪ್ರತಿಮಾ ಓಗೊಡಲಿಲ್ಲ. ಆಮೇಲೆ ಅಜ್ಜಯ್ಯ ಕಿರುಚಿದರು. ಮಗನ ಕೈ ಬಿದ್ದಿರಬೇಕು. ಒಮ್ಮೆ ಕಿರುಚಿದರು, ಮತ್ತೊಮ್ಮೆ ಕಿರುಚಿದರು. ಮೂರನೆಯ ಸಲ ತನುಜಾ ಎಂದು ಅವಳ ಹೆಸರು ಹಿಡಿದೇ ಕರೆದರು.

ಗ್ರಾನೈಟಿನ ಮೆಟ್ಟಿಲ ಮೇಲೆ ಅವಳ ಕಾಲು ತಡೆಯಿತು. ಆ ಬೆನ್ನು ಅವಳಿಗೆ ಗೊತ್ತು, ಎಲ್ಲಿ ಮುಟ್ಟಿದರೆ ನೋಯುತ್ತದೆ ಎಂದು ಗೊತ್ತು. ಹೋಗಿ ಒರೆಸಿ ಬಂದರೆ ಮುಗಿಯಿತು. ನಾಳೆಯೂ ಹೋಗಬಹುದು, ಹಿತ್ತಲಿನಿಂದ. ಅವರು ಮತ್ತೆ ಕರೆದರು. ತನುಜಾ ಮೆಟ್ಟಿಲು ಇಳಿದಳು, ರಸ್ತೆಗೆ ಬಂದಳು, ಕೈ ತೊಳೆಯದೆ ಕಾಲೊನಿಯ ಕಡೆ ನಡೆದಳು.